ಶಕ: ಪದದ ಅರ್ಥ, ವರ್ಷದ ಲೆಕ್ಕ, ಸರಿಯಾದ ಬಳಕೆ – ಸಮಗ್ರ ಮಾರ್ಗದರ್ಶಿ

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ನಡೆದದ್ದು ಶಕವರ್ಷ 1039, ಹೇಮಲಂಬಿ ಸಂವತ್ಸರದ ಚೈತ್ರ ಶುದ್ಧ ಪಂಚಮಿಯಂದು. ನಾವು ಪಠ್ಯಪುಸ್ತಕದಲ್ಲಿ ಓದುವುದು ಕ್ರಿ.ಶ. 1117 ಎಂದು. ಎರಡರಲ್ಲೂ ‘ಶಕ’ ಇದೆ. ಕ್ರಿ.ಶ. ಎಂಬಲ್ಲಿನ ‘ಶ’ ಕೂಡ ಅದೇ ಪದ. ಆದರೆ ಮೊದಲನೆಯದು ಒಂದು ನಿರ್ದಿಷ್ಟ ಎಣಿಕೆಯ ಹೆಸರು, ಎರಡನೆಯದು ಯಾವ ಎಣಿಕೆಗಾದರೂ ಸಲ್ಲುವ ಸಾಮಾನ್ಯ ಪದ. ಈ ಎರಡನ್ನು ಬೇರ್ಪಡಿಸಿ ನೋಡದಿದ್ದರೆ ಶಾಸನದ ಕಾಲ ತಪ್ಪುತ್ತದೆ, ಬರಹದಲ್ಲಿ ಪದವೂ ತಪ್ಪುತ್ತದೆ.

ಜನಾಂಗದ ಹೆಸರು ಎಣಿಕೆಯ ಹೆಸರಾದ ಬಗೆ

ಶಕರು ಮಧ್ಯ ಏಷ್ಯಾದಿಂದ ಬಂದು ಭಾರತದ ಪಶ್ಚಿಮ ಭಾಗದಲ್ಲಿ ನೆಲೆಯೂರಿದವರು. ಅವರ ಪೈಕಿ ಕ್ಷತ್ರಪರೆಂಬ ಅರಸರು ಕ್ರಿ.ಶ. 78ರಿಂದ ಹೊರಟ ವರ್ಷದ ಎಣಿಕೆಯನ್ನು ಬಳಸಿದರು. ಆ ಎಣಿಕೆಯನ್ನು ಶುರುಮಾಡಿದ ಅರಸ ಯಾರೆಂಬುದರ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಲೆಕ್ಕಕ್ಕೆ ಅದು ಅಡ್ಡಿಯಲ್ಲ.

ಕರ್ನಾಟಕದಲ್ಲಿ ಈ ಪದದ ಪಯಣ ಕಲ್ಲಿನ ಮೇಲೆಯೇ ಕಾಣುತ್ತದೆ. ಬಾದಾಮಿಯ ಬಂಡೆಯ ಮೇಲಿನ ಒಂದನೆಯ ಪುಲಕೇಶಿಯ ಶಾಸನ ‘ಶಕವರ್ಷ’ 465 ಎನ್ನುತ್ತದೆ, ಅಂದರೆ ಕ್ರಿ.ಶ. 543. ಅದೇ ಊರಿನ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನ ಇನ್ನಷ್ಟು ಬಿಡಿಸಿ ಹೇಳುತ್ತದೆ: ಶಕನೃಪತಿಯ ರಾಜ್ಯಾಭಿಷೇಕದಿಂದ 500 ಸಂವತ್ಸರ ಕಳೆದ ಮೇಲೆ, ಕಾರ್ತಿಕ ಹುಣ್ಣಿಮೆಯಂದು (ಕ್ರಿ.ಶ. 578). ರಾಷ್ಟ್ರಕೂಟರ ಕಾಲಕ್ಕೆ ಅದು ‘ಶಕನೃಪಕಾಲಾತೀತ ಸಂವತ್ಸರ’ ಎಂಬ ಸಿದ್ಧ ಸಾಲಾಯಿತು. ಮುಂದೆ ಕನ್ನಡ ಬಾಯಿಗೆ ಒಗ್ಗಿದ ‘ಸಕವರ್ಷ’ ಬಂತು. ಅರಸ ಹೋದ, ಅಭಿಷೇಕ ಹೋಯಿತು, ‘ಶಕ’ ಉಳಿಯಿತು. ಆಮೇಲೆ ಆ ಪದಕ್ಕೆ ‘ವರ್ಷಗಳ ಎಣಿಕೆ’ ಎಂಬ ಅರ್ಥವೇ ಗಟ್ಟಿಯಾಗಿ ಕ್ರಿಸ್ತ ಶಕ, ಹಿಜರಿ ಶಕ, ವಿಕ್ರಮ ಶಕ ಎಲ್ಲವೂ ಹುಟ್ಟಿದವು. ಫೋಟೋಕಾಪಿಗೆಲ್ಲ ಜೆರಾಕ್ಸ್ ಎನ್ನುತ್ತೇವಲ್ಲ, ಅದೇ ಕಥೆ. ಶಕರಿಗೂ ಹಿಜರಿಗೂ ಸಂಬಂಧವೇನೆಂದು ಈಗ ಯಾರೂ ಕೇಳುವುದಿಲ್ಲ.

‘ಶಾಲಿವಾಹನ’ ಎಂಬ ಹೆಸರು ಈ ಎಣಿಕೆಗೆ ಅಂಟಿಕೊಂಡದ್ದು ಬಹಳ ತಡವಾಗಿ. ವಿಜಯನಗರದ ಶಾಸನಗಳಲ್ಲಿ ‘ಜಯಾಭ್ಯುದಯ ಶಾಲಿವಾಹನ ಶಕವರುಷ’ ಎಂಬುದು ಮಾಮೂಲು. ಬಾದಾಮಿ ಚಾಲುಕ್ಯರಲ್ಲಿ, ರಾಷ್ಟ್ರಕೂಟರಲ್ಲಿ ಅದಿಲ್ಲ. ಹತ್ತನೆಯ ಶತಮಾನದ್ದೆಂದು ಹೇಳಿಕೊಳ್ಳುವ ತಾಮ್ರಪಟದಲ್ಲಿ ‘ಶಾಲಿವಾಹನ ಶಕ’ ಕಂಡರೆ, ಅದು ಆಮೇಲೆ ಮಾಡಿದ ನಕಲೋ ಕೂಟಶಾಸನವೋ (ಖೊಟ್ಟಿ ಶಾಸನ) ಎಂದು ಮೊದಲು ಅನುಮಾನಿಸಬೇಕು.

ಶಕ, ಯುಗ, ಕಾಲ, ಶತಮಾನ

ಪದ ಸರಿಯೇ ಎಂದು ನೋಡಲು ಒಂದೇ ಪರೀಕ್ಷೆ ಸಾಕು: ಅದರ ಮುಂದೆ ‘ಇಷ್ಟನೆಯ ವರ್ಷ’ ಎಂದು ಅಂಕಿ ಹಾಕಿ ಎಣಿಸಲು ಬರುತ್ತದೆಯೇ? ಬಂದರೆ ಶಕ. ಬರದಿದ್ದರೆ ಬೇರೇನೋ.

ಶಕಕ್ಕೆ ಒಂದು ಆರಂಭಬಿಂದು ಇರಬೇಕು, ಅಲ್ಲಿಂದ ವರ್ಷಗಳು ಒಂದೊಂದಾಗಿ ಏರುತ್ತ ಹೋಗಬೇಕು. ಅದಕ್ಕೆ ಕೊನೆ ಬೇಕಿಲ್ಲ. ಯುಗಕ್ಕೆ ಲಕ್ಷಣ ಮುಖ್ಯ: ಶಿಲಾಯುಗ, ನವಶಿಲಾಯುಗ, ಕಬ್ಬಿಣ ಯುಗ. ‘ಶಿಲಾಯುಗದ 214ನೆಯ ವರ್ಷ’ ಎನ್ನಲಾಗದು. ಕಲಿಯುಗ ಒಂದೇ ಎರಡೂ ಕಡೆ ಕಾಲಿಟ್ಟಿರುವುದು. ಅದು ಯುಗವೂ ಹೌದು, ಅದಕ್ಕೆ ವರ್ಷದ ಅಂಕಿಯೂ ಇದೆ. ಕನ್ನಡದ ನುಡಿಗಟ್ಟು ಈ ಭೇದವನ್ನು ಚೆನ್ನಾಗಿ ಕಾಪಾಡಿಕೊಂಡಿದೆ. ಯುಗ ಮುಗಿಯುತ್ತದೆ, ಆದ್ದರಿಂದ ಯುಗಾಂತ್ಯ. ಶಕ ಶುರುವಾಗುತ್ತದೆ, ಆದ್ದರಿಂದ ‘ಹೊಸ ಶಕೆ ಆರಂಭ’, ‘ಶಕಪುರುಷ’. ಹಿರಿಯ ಕಲಾವಿದರೊಬ್ಬರು ತೀರಿಕೊಂಡಾಗ ‘ಒಂದು ಶಕೆ ಅಂತ್ಯ’ ಎಂದು ತಲೆಬರಹ ಕೊಟ್ಟರೆ ಕಿವಿಗೆ ಒರಟಾಗಿ ಕೇಳುವುದು ಇದಕ್ಕೇ.

ಅರಸುಮನೆತನಕ್ಕೆ ‘ಕಾಲ’ ಸಾಕು: ಹೊಯ್ಸಳರ ಕಾಲ, ಕೆಳದಿ ನಾಯಕರ ಕಾಲ. ‘ಹೊಯ್ಸಳ ಶಕ’ ತಪ್ಪು, ಏಕೆಂದರೆ ಹೊಯ್ಸಳರು ತಮ್ಮದೇ ಎಣಿಕೆ ನಡೆಸಲಿಲ್ಲ. ‘ಚಾಲುಕ್ಯ ವಿಕ್ರಮ ಶಕ’ ಸರಿ, ಏಕೆಂದರೆ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ನಡೆಸಿದ. ‘ಅವಧಿ’ ಎಂದರೆ ಎರಡು ತುದಿಯೂ ಗೊತ್ತಿರುವ ಕಾಲ. ಅಧಿಕಾರಾವಧಿಗೆ ಅದು ಒಪ್ಪುತ್ತದೆ, ಶಿಲಾಯುಗಕ್ಕೆ ಒಪ್ಪುವುದಿಲ್ಲ.

ದಶಕದೊಳಗೆ ‘ಶಕ’ ಕಂಡರೂ ಅದು ಈ ಶಕವಲ್ಲ. ‘ದಶ’ಕ್ಕೆ ‘ಕ’ ಸೇರಿ ಆದದ್ದು, ಹತ್ತರ ಗುಂಪು ಎಂದಷ್ಟೇ ಅರ್ಥ. ಶತಮಾನದ್ದು ಇನ್ನೂ ತಮಾಷೆ. ಸಂಸ್ಕೃತದಲ್ಲಿ ಅದು ಒಂದು ತೂಕದ ಮತ್ತು ನಾಣ್ಯದ ಹೆಸರಾಗಿತ್ತು. ಕನ್ನಡದಲ್ಲಿ ನೂರು ವರ್ಷವಾಗಿದೆ.

ಶಾಸನದ ಕಾಲವನ್ನು ಇಸವಿಗೆ ತರುವುದು

ಮೊದಲು ಹಾಳೆಯಲ್ಲಿ ಆರು ಸಂಗತಿ ಬೇರೆಬೇರೆ ಬರೆದುಕೊಳ್ಳಿ: ಎಣಿಕೆಯ ಹೆಸರು, ವರ್ಷದ ಅಂಕಿ, ಸಂವತ್ಸರದ ಹೆಸರು, ಮಾಸ, ಪಕ್ಷ ಮತ್ತು ತಿಥಿ, ವಾರ. ‘ಶು’ ಎಂದರೆ ಶುದ್ಧ, ‘ಬ’ ಎಂದರೆ ಬಹುಳ. ಗ್ರಹಣ, ಸಂಕ್ರಾಂತಿ ಇದ್ದರೆ ಅದನ್ನೂ ಬರೆಯಿರಿ. ಕಲ್ಲು ಒಡೆದು ಕಾಣದ ಅಕ್ಷರವನ್ನು ಊಹಿಸಿ ತುಂಬಬೇಡಿ, ಖಾಲಿ ಬಿಡಿ. ಎಪಿಗ್ರಾಫಿಯಾ ಕರ್ನಾಟಿಕದಂಥ ಶಾಸನ ಸಂಪುಟ ಬಳಸುವಾಗಲೂ ತಲೆಬರಹದಲ್ಲಿ ಸಂಪಾದಕರು ಕೊಟ್ಟ ಇಸವಿಗಿಂತ ಮೂಲಪಾಠದ ಸಾಲನ್ನು ನೋಡುವುದು ಕ್ಷೇಮ.

*ಹಂತ 1: ಅಂಕಿ ಓದುವುದು.* ವರ್ಷ ಅಂಕಿಯಲ್ಲಿರಬಹುದು, ಮಾತಿನಲ್ಲಿರಬಹುದು, ಪದ್ಯದಲ್ಲಾದರೆ ಭೂತಸಂಖ್ಯೆಯಲ್ಲಿರಬಹುದು. ಭೂತಸಂಖ್ಯೆಯಲ್ಲಿ ಚಂದ್ರ ಎಂದರೆ 1, ಗುಣ 3, ರಸ 6, ವಸು 8, ನಿಧಿ 9, ಅಭ್ರ ಅಂದರೆ ಆಕಾಶ 0. ಅಂಕಿಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಉದಾಹರಣೆಗೆ ‘ನಿಧಿ-ಗುಣ-ಅಭ್ರ-ಚಂದ್ರ’ ಎಂದಿದ್ದರೆ 9, 3, 0, 1 ಬರೆದು ತಿರುಗಿಸಿ: 1039. ಹೊಸಬರು ತಿರುಗಿಸುವುದನ್ನು ಮರೆತು 9301 ಎಂದು ಓದಿ ಕಂಗಾಲಾಗುತ್ತಾರೆ.

*ಹಂತ 2: 78 ಅಥವಾ 79 ಕೂಡುವುದು.* ಶಕವರ್ಷ ಯುಗಾದಿಗೆ ಶುರು, ಇಸವಿ ಜನವರಿಗೆ ಶುರು. ಹಾಗಾಗಿ ಒಂದು ಶಕವರ್ಷ ಎರಡು ಇಸವಿಗಳಲ್ಲಿ ಹರಡಿರುತ್ತದೆ. ಚೈತ್ರದಿಂದ ಮಾರ್ಗಶಿರದವರೆಗೆ 78 ಕೂಡಿಸಿ. ಮಾಘ, ಫಾಲ್ಗುಣಕ್ಕೆ 79. ಬೇಲೂರಿನದು ಚೈತ್ರ, ಆದ್ದರಿಂದ 1039 + 78 = 1117.

ನಡುವೆ ಉಳಿದ ಪುಷ್ಯವೇ ತೊಡಕಿನದು. ಇಂದಿನ ಕ್ಯಾಲೆಂಡರ್ ನೋಡಿ ಅಭ್ಯಾಸವಾದವರಿಗೆ ಪುಷ್ಯದ ಉತ್ತರಾಯಣ ಸಂಕ್ರಾಂತಿ ಎಂದರೆ ಜನವರಿ 14, ಆದ್ದರಿಂದ 79 ಎಂದು ಕೈ ತಾನಾಗಿ ಹೋಗುತ್ತದೆ. ತಪ್ಪು. ಹನ್ನೊಂದು, ಹನ್ನೆರಡನೆಯ ಶತಮಾನಗಳ ಶಾಸನಗಳಿಗೆ ವಿದ್ವಾಂಸರು ಕೊಡುವುದು ಜೂಲಿಯನ್ ದಿನಾಂಕ, ಅಂದರೆ ಇಂದಿನ ಕ್ಯಾಲೆಂಡರಿಗೂ ಮುಂಚೆ ಯೂರೋಪಿನಲ್ಲಿದ್ದ ಕ್ಯಾಲೆಂಡರಿನದು. ಅದರಲ್ಲಿ ಆ ಸಂಕ್ರಾಂತಿ ಬೀಳುತ್ತಿದ್ದದ್ದು ಡಿಸೆಂಬರ್ 24–25ರ ಆಸುಪಾಸಿನಲ್ಲಿ. ‘ಪುಷ್ಯ, ಉತ್ತರಾಯಣ ಸಂಕ್ರಮಣ’ ಎಂದು ದಾನ ಬರೆಸಿದ ಕಲ್ಯಾಣ ಚಾಲುಕ್ಯ ಶಾಸನಕ್ಕೆ ಕೂಡಬೇಕಾದ್ದು 78. ಅದೇ ಕಾರಣಕ್ಕೆ ಅಧಿಕಮಾಸವಿಲ್ಲದ ಕೆಲವು ವರ್ಷಗಳಲ್ಲಿ ಮಾಘದ ಮೊದಲ ದಿನಗಳೂ ಡಿಸೆಂಬರಿಗೇ ಬೀಳುತ್ತವೆ. ಪುಷ್ಯ ಮತ್ತು ಮಾಘದ ಶುದ್ಧಪಕ್ಷಕ್ಕೆ ತಿಥಿ ಕೋಷ್ಟಕ ನೋಡದೆ ಇಸವಿ ಖಚಿತ ಮಾಡಬೇಡಿ. ಮಾಸವೇ ಕಾಣದಿದ್ದರೆ ‘ಕ್ರಿ.ಶ. 1117–18’ ಎಂದು ಎರಡೂ ಬರೆಯುವುದೇ ಪ್ರಾಮಾಣಿಕ.

*ಹಂತ 3: ಸಂವತ್ಸರದಿಂದ ಒರೆಹಚ್ಚುವುದು.* ಇಡೀ ಕೆಲಸದ ಜೀವ ಇದರಲ್ಲಿದೆ. ಶಕವರ್ಷಕ್ಕೆ 12 ಕೂಡಿ, 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಸಂಖ್ಯೆ. ಶೇಷ 0 ಬಂದರೆ 60, ಅಂದರೆ ಅಕ್ಷಯ. ಬೇಲೂರಿಗೆ: 1039 + 12 = 1051. 60ರಿಂದ ಭಾಗಿಸಿದರೆ ಶೇಷ 31. ಅದು ಹೇಮಲಂಬಿ. ಶಾಸನವೂ ಅದನ್ನೇ ಹೇಳುತ್ತದೆ, ಲೆಕ್ಕ ಕೂಡಿತು.

ಅರವತ್ತರ ಪಟ್ಟಿ ಪ್ರತಿ ಪಂಚಾಂಗದ ಮೊದಲ ಪುಟಗಳಲ್ಲಿರುತ್ತದೆ. ಗುರುತಿಗೆ ಕೆಲವನ್ನು ನೆನಪಿಟ್ಟರೆ ಸಾಕು: 1 ಪ್ರಭವ, 11 ಈಶ್ವರ, 20 ವ್ಯಯ, 30 ದುರ್ಮುಖಿ, 40 ಪರಾಭವ, 50 ನಳ, 60 ಅಕ್ಷಯ. ಓದುವಾಗ ಅದಲುಬದಲಾಗುವ ಹೆಸರುಗಳ ಬಗ್ಗೆ ಎಚ್ಚರ ಬೇಕು. ಕ್ರೋಧಿ 38, ಕ್ರೋಧನ 59. ವಿಕೃತಿ 24, ವಿಕಾರಿ 33. ಶುಭಕೃತು 36, ಶೋಭಕೃತು 37. ಸವೆದ ಕಲ್ಲಿನಲ್ಲಿ ‘ಶುಭ’ದ ಕೊಂಬಿಗೂ ‘ಶೋಭ’ದ ಓತ್ವಕ್ಕೂ ಇರುವ ವ್ಯತ್ಯಾಸ ಒಂದು ಉಳಿಯ ಏಟಿನಷ್ಟು. ಅದರಿಂದ ಒಂದು ವರ್ಷವೇ ಆಚೀಚೆಯಾಗುತ್ತದೆ.

ಹತ್ತನೆಯ ಶತಮಾನದಿಂದ ಈಚೆಗೆ ದಕ್ಷಿಣದಲ್ಲಿ ಈ ಸೂತ್ರವನ್ನು ಕಣ್ಣುಮುಚ್ಚಿ ಬಳಸಬಹುದು. ಅದಕ್ಕೂ ಹಿಂದೆ ಗುರುಗ್ರಹದ ಚಲನೆಯನ್ನೇ ಹಿಡಿದು ನಡುನಡುವೆ ಒಂದು ಸಂವತ್ಸರ ಬಿಡುವ ಪದ್ಧತಿಯೂ ಇತ್ತು. ಉತ್ತರ ಭಾರತದಲ್ಲಿ ಅದು ಇಂದಿಗೂ ಇದೆ. ಆದ್ದರಿಂದ ಹಳೆಯ ಶಾಸನಗಳಲ್ಲಿ ಸಂವತ್ಸರ ಹೊಂದದಿದ್ದರೆ ಕೂಡಲೇ ‘ಖೊಟ್ಟಿ’ ಎಂದು ತೀರ್ಮಾನಿಸಬೇಡಿ.

*ಹಂತ 4: ಒಂದು ವರ್ಷ ತಪ್ಪಿದಾಗ.* ‘ಸಂದ’, ‘ಗತ’, ‘ಅತೀತ’ ಎಂದರೆ ಕಳೆದ, ಅಂದರೆ ಪೂರ್ತಿ ಮುಗಿದ, ವರ್ಷಗಳು. ಬರೀ ‘ನೆಯ’ ಎಂದಿದ್ದರೆ ಕಳೆದದ್ದೋ ನಡೆಯುತ್ತಿರುವುದೋ ವ್ಯಾಕರಣದಿಂದ ಗೊತ್ತಾಗದು. ನಮ್ಮ 78ರ ಲೆಕ್ಕ ಕಳೆದ ವರ್ಷದ್ದು. ನಡೆಯುತ್ತಿರುವ ವರ್ಷವೆಂದು ಬರೆದಿದ್ದರೆ ಅಂಕಿ ಒಂದು ಹೆಚ್ಚಿರುತ್ತದೆ.

ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕವನ್ನು ಹೇಳುವ ಶಾಸನ ಇದಕ್ಕೆ ಒಳ್ಳೆಯ ಪಾಠ. ಅಲ್ಲಿರುವುದು ಶಕವರ್ಷ 1430 ಸಂದು, ಮೇಲೆ ನಡೆಯುವ ಶುಕ್ಲ ಸಂವತ್ಸರದ ಮಾಘ ಶು 14. ಮಾಘವೆಂದು 79 ಕೂಡಿದರೆ 1509 ಬರುತ್ತದೆ. ಈಗ ಒರೆಹಚ್ಚಿ: 1430 + 12 = 1442, ಶೇಷ 2, ವಿಭವ. ಶಾಸನದಲ್ಲಿರುವುದು ಶುಕ್ಲ, 3. ಅಂದರೆ ಬರೆಸಿದವರು ಪಂಚಾಂಗದ 1431ನ್ನು ನಡೆಯುತ್ತಿರುವ ವರ್ಷವೆಂದು ಹಿಡಿದು, ಸಂದದ್ದು 1430 ಎಂದು ಬರೆಸಿದ್ದಾರೆ. ಸರಿಯಾದ ಲೆಕ್ಕ 1431 + 79 = 1510, ಜನವರಿ.

ನಿಯಮ ಹೀಗೆ. ಅಂಕಿಗೂ ಸಂವತ್ಸರಕ್ಕೂ ಜಗಳ ಬಿದ್ದರೆ ಸಂವತ್ಸರದ ಮಾತು ಕೇಳಿ. ಊರಿನ ಜನ ದಿನವೂ ಬಾಯಲ್ಲಿ ಹೇಳುತ್ತಿದ್ದದ್ದು ಹೆಸರನ್ನು, ನಾಲ್ಕಂಕಿಯ ಸಂಖ್ಯೆಯನ್ನಲ್ಲ. ಲೆಕ್ಕದಲ್ಲಿ ಬಂದ ಕ್ರಮಸಂಖ್ಯೆ ಶಾಸನದ ಸಂವತ್ಸರಕ್ಕಿಂತ ಒಂದು ಹೆಚ್ಚಿದ್ದರೆ ಶಕವರ್ಷದಲ್ಲಿ ಒಂದು ಕಳೆಯಿರಿ. ಒಂದು ಕಡಿಮೆಯಿದ್ದರೆ ಒಂದು ಕೂಡಿಸಿ. ಅಂತರ ಅದಕ್ಕಿಂತ ಹೆಚ್ಚಿದ್ದರೆ ಅಂಕಿಯನ್ನು ಮತ್ತೊಮ್ಮೆ ಓದಿ. ಹತ್ತರ ಅಂತರವಿದ್ದರೆ ಸಾಮಾನ್ಯವಾಗಿ ಹತ್ತರ ಸ್ಥಾನದ ಅಂಕಿಯ ಓದು ತಪ್ಪಿರುತ್ತದೆ.

*ಹಂತ 5: ವಾರ.* ದಿನಾಂಕದವರೆಗೂ ಹೋಗಬೇಕಿದ್ದರೆ ಎಫಿಮೆರಿಸ್ ಕೋಷ್ಟಕದಲ್ಲಿ (ಹಳೆಯ ಕಾಲದ ದಿನದಿನದ ತಿಥಿ, ವಾರ ಕೊಡುವ ಪಟ್ಟಿ) ತಿಥಿ ಮತ್ತು ವಾರ ಕೂಡುತ್ತವೆಯೇ ನೋಡಿ. ವಾರವನ್ನು ಪರೀಕ್ಷೆಗೆ ಮಾತ್ರ ಬಳಸಿ, ಅದನ್ನೇ ಆಧಾರ ಮಾಡಿಕೊಳ್ಳಬೇಡಿ. ಬೇಕಾದ ವಾರ ಬರುವವರೆಗೆ ವರ್ಷವನ್ನು ಹಿಂದೆಮುಂದೆ ತಳ್ಳಿದರೆ ಎಲ್ಲೋ ಒಂದು ಕಡೆ ಕೂಡಿಯೇ ಕೂಡುತ್ತದೆ.

ಶಕವರ್ಷವೇ ಇಲ್ಲದ ಶಾಸನಕ್ಕೆ ಈ ಯಾವ ಹಂತವೂ ಬರುವುದಿಲ್ಲ. ಕದಂಬರ ತಾಮ್ರಪಟಗಳಲ್ಲಿರುವುದು ಅರಸನ ಆಳ್ವಿಕೆಯ ವರ್ಷ. ಹಲ್ಮಿಡಿ ಶಾಸನದಲ್ಲಿ ವರ್ಷವೇ ಇಲ್ಲ. ಅದರ ಕಾಲವನ್ನು ‘ಸುಮಾರು ಕ್ರಿ.ಶ. 450’ ಎನ್ನುವುದು ಲಿಪಿ ಮತ್ತು ಒಳಗಿನ ಹೆಸರುಗಳ ಆಧಾರದ ಮೇಲೆ. ಅಲ್ಲಿ ‘ಸುಮಾರು’ ಕೈಬಿಟ್ಟು ಬರೆಯುವುದು ಸಲ್ಲದು.

ಬೇರೆ ಎಣಿಕೆಗಳು ಎದುರಾದಾಗ

ಕಲಿ ವರ್ಷದಲ್ಲಿ 3179 ಕಳೆದರೆ ಶಕವರ್ಷ. ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿ ಎರಡನ್ನೂ ಕೊಟ್ಟಿದ್ದಾನೆ: ಭಾರತ ಯುದ್ಧದಿಂದ 3735 (ಅಂದರೆ ಕಲಿ ವರ್ಷ), ಶಕ 556. ಕಳೆದು ನೋಡಿ, ಒಂದೂ ಹೆಚ್ಚುಕಡಿಮೆಯಿಲ್ಲ. ಇಸವಿ 634–35. ತನ್ನ ಲೆಕ್ಕವನ್ನು ತಾನೇ ತಾಳೆ ನೋಡಿಕೊಳ್ಳುವಂತೆ ಬರೆದ ಕವಿ!

ಚಾಲುಕ್ಯ ವಿಕ್ರಮ ವರ್ಷ 1 ಎಂದರೆ ಶಕ 998, ನಳ ಸಂವತ್ಸರ, ಕ್ರಿ.ಶ. 1076–77. ಹಾಗಾಗಿ ವರ್ಷಕ್ಕೆ 1075 ಕೂಡಿಸಿ. 12ನೆಯ ವರ್ಷ 1087–88, ಅದು ಪ್ರಭವ. ಧಾರವಾಡ, ಗದಗ ಸೀಮೆಯ ಶಾಸನಗಳಲ್ಲಿ ಇದು ಹೇರಳ. ಇದನ್ನು ಉತ್ತರದ ವಿಕ್ರಮ ಶಕ ಎಂದು ತಿಳಿದು 57 ಕಳೆಯುವವರಿದ್ದಾರೆ. ಎರಡಂಕಿಯ ವರ್ಷ ಕಂಡ ತಕ್ಷಣ ಅದು ಅರಸನ ಸ್ವಂತ ಎಣಿಕೆ ಎಂದು ಹೊಳೆಯಬೇಕು. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ ಶಾಸನಗಳಲ್ಲಿ ‘ಭೂಲೋಕಮಲ್ಲ ವರ್ಷ’ವೂ ಬರುತ್ತದೆ.

ಹಿಜರಿಗೆ ಕೂಡಿಸುವ ಒಂದು ಅಂಕಿ ಇಲ್ಲ, ಏಕೆಂದರೆ ಅದರ ವರ್ಷ ಸುಮಾರು 354 ದಿನ. 0.97ರಿಂದ ಗುಣಿಸಿ 622 ಕೂಡಿಸಿದರೆ ಹತ್ತಿರ ಬರುತ್ತದೆ. ವಿಜಯಪುರದ ಸುಲ್ತಾನ ಮುಹಮ್ಮದ್ ಆದಿಲ್ ಶಾಹ ತೀರಿದ್ದು ಹಿಜರಿ 1067ರಲ್ಲಿ. ಗುಣಿಸಿ ಕೂಡಿದರೆ 1657ರ ಅಂಚು. ನಿಜವಾಗಿ ಅದು 1656ರ ನವೆಂಬರ್. ಒಂದು ವರ್ಷದ ಸಡಿಲ ಇದ್ದೇ ಇರುತ್ತದೆ, ತಿಂಗಳು ಬೇಕಿದ್ದರೆ ಕೋಷ್ಟಕಕ್ಕೇ ಹೋಗಬೇಕು. ಪ್ರವಾದಿಯ ಹುಟ್ಟಿನಿಂದ ಎಣಿಸುವ ಟಿಪ್ಪುವಿನ ಮೌಲೂದಿ ವರ್ಷಕ್ಕೆ 572 ಕೂಡಿಸಿ. ಅವನ ನಾಣ್ಯಗಳಲ್ಲಿ ಅಂಕಿಗಳು ಬಲದಿಂದ ಎಡಕ್ಕೆ ಇರುತ್ತವೆ ಎಂಬುದು ನೆನಪಿರಲಿ. ಬೀದರ, ಕಲಬುರಗಿ, ರಾಯಚೂರು ಕಡೆಯ ಹಳೆಯ ಜಮೀನು ಕಾಗದಗಳಲ್ಲಿರುವ ಫಸಲಿ ಎಂಬ ಕಂದಾಯ ವರ್ಷಕ್ಕೆ 590 ಕೂಡಿದರೆ ಆ ಫಸಲಿ ವರ್ಷ ಶುರುವಾದ ಇಸವಿ ಸಿಗುತ್ತದೆ.

ಭಾರತ ಸರ್ಕಾರದ ರಾಷ್ಟ್ರೀಯ ಪಂಚಾಂಗವೂ ಶಕವನ್ನೇ ಬಳಸುತ್ತದೆ. ಅದು ಜಾರಿಗೆ ಬಂದದ್ದು 1957ರ ಮಾರ್ಚ್ 22ರಂದು, ಶಕ 1879ರ ಚೈತ್ರ 1. ಆದರೆ ಇದರ ಚೈತ್ರ ಪ್ರತಿ ವರ್ಷ ಮಾರ್ಚ್ 22ಕ್ಕೆ, ಅಧಿಕವರ್ಷದಲ್ಲಿ 21ಕ್ಕೆ ಶುರು. ಯುಗಾದಿಗೂ ಅದಕ್ಕೂ ನಂಟಿಲ್ಲ. 2025ರಲ್ಲಿ ಯುಗಾದಿ ಬಂದದ್ದು ಮಾರ್ಚ್ 30ಕ್ಕೆ. ನಡುವಿನ ಎಂಟು ದಿನ ಗೆಜೆಟ್ಟಿನಲ್ಲಿ ಶಕ 1947, ಮನೆಯ ಪಂಚಾಂಗದಲ್ಲಿ ಇನ್ನೂ 1946. ಶಾಸನದ ತಿಥಿಯನ್ನು ಈ ರಾಷ್ಟ್ರೀಯ ಪಂಚಾಂಗದಿಂದ ಲೆಕ್ಕ ಹಾಕಲೇಬಾರದು.

ಇಸವಿಯಿಂದ ಶಕಕ್ಕೆ

ತಿರುಗಿ ಹೋಗುವುದು ಸುಲಭ. ರಕ್ಕಸತಂಗಡಿ ಯುದ್ಧ 1565ರ ಜನವರಿ 23. ಯುಗಾದಿಗೆ ಮುಂಚಿನ ದಿನ, ಆದ್ದರಿಂದ 79 ಕಳೆಯಿರಿ: 1486. ಸಂವತ್ಸರ: 1486 + 12 = 1498, ಶೇಷ 58, ರಕ್ತಾಕ್ಷಿ. 78 ಕಳೆದು 1487 ಎಂದಿದ್ದರೆ ಕ್ರೋಧನ ಬರುತ್ತಿತ್ತು, ಒಂದು ವರ್ಷ ತಪ್ಪಿದ್ದು ಕೂಡಲೇ ಗೊತ್ತಾಗುತ್ತಿತ್ತು. ಸ್ಮರಣಿಕೆ, ಫಲಕ, ಆಮಂತ್ರಣಗಳಿಗೆ ಶಕವರ್ಷ ಹಾಕಿಸುವವರು ಹೀಗೆ ಸಂವತ್ಸರದಿಂದ ಒಮ್ಮೆ ತಾಳೆ ನೋಡಿಯೇ ಕೆತ್ತಲು ಕೊಡಲಿ. ಕಲ್ಲಿನ ಮೇಲಿನ ತಪ್ಪನ್ನು ತಿದ್ದುವುದು ಕಷ್ಟ.

ಇಂದಿನ ಬರಹದಲ್ಲಿ

ಕ್ರಿ.ಶ., ಕ್ರಿ.ಪೂ., ಸಾ.ಶ. (ಸಾಮಾನ್ಯ ಶಕ) ಎಲ್ಲವೂ ಅಂಕಿಯ ಮುಂಚೆ ಬರಬೇಕು: ಕ್ರಿ.ಶ. 1117. ‘1117 ಕ್ರಿ.ಶ.’ ಎಂಬುದು ಇಂಗ್ಲಿಷಿನ ನೆರಳು. ಒಂದು ಬರಹದಲ್ಲಿ ಕ್ರಿ.ಶ. ಬಳಸಿದರೆ ಕೊನೆಯವರೆಗೂ ಅದನ್ನೇ, ಸಾ.ಶ. ಆದರೆ ಅದನ್ನೇ ಬಳಸಿ. ‘ಕ್ರಿ.ಶ. 1117ನೇ ಇಸವಿ’ ಎಂದರೆ ಒಂದೇ ಮಾತು ಎರಡು ಸಲ, ಇಸವಿ ಎಂಬುದೂ ಈಸಾನ, ಅಂದರೆ ಏಸುವಿನ, ವರ್ಷವೆಂಬ ಅರ್ಥದ್ದೇ. 1947, 1956ರಂಥ ಯಾರಿಗೂ ಅನುಮಾನ ಬಾರದ ವರ್ಷಗಳಿಗೆ ಕ್ರಿ.ಶ. ಬೇಕಿಲ್ಲ. ಶಾಸನದ ಸಂದರ್ಭದಲ್ಲಿ ಬರೀ ‘ಶಕ 1039’ ಎಂದರೆ ಶಾಲಿವಾಹನ ಶಕವೇ. ಬೇರೆ ಎಣಿಕೆಯಾದರೆ ಹೆಸರು ಹೇಳಿ. ಎರಡನ್ನೂ ಕೊಡುವಾಗ ಮೂಲದ್ದು ಮೊದಲು, ಲೆಕ್ಕದ್ದು ಕಂಸದಲ್ಲಿ: ಶಕ 1039 (ಕ್ರಿ.ಶ. 1117).

ಸೊನ್ನೆಯ ವರ್ಷವಿಲ್ಲ. ಕ್ರಿ.ಪೂ. 1 ಮುಗಿದ ಮರುದಿನವೇ ಕ್ರಿ.ಶ. 1. ಆದ್ದರಿಂದ 1100 ಹನ್ನೊಂದನೆಯ ಶತಮಾನದ್ದೇ, ಹನ್ನೆರಡನೆಯದು 1101ರಿಂದ. ಕ್ರಿಸ್ತಪೂರ್ವದಿಂದ ಕ್ರಿಸ್ತಶಕಕ್ಕೆ ದಾಟುವ ಅಂತರ ಎಣಿಸುವಾಗ ಎರಡನ್ನೂ ಕೂಡಿ ಒಂದು ಕಳೆಯಬೇಕು.

ದಶಕದಲ್ಲಿ ಪದೇ ಪದೇ ಆಗುವ ಎಡವಟ್ಟು ಇದು: ‘ಎಂಬತ್ತರ ದಶಕ’ ಎಂದರೆ 1980ರಿಂದ 1989. ‘ಇಪ್ಪತ್ತನೆಯ ಶತಮಾನದ ಎಂಟನೆಯ ದಶಕ’ ಎಂದರೆ 1971ರಿಂದ 1980. ‘ಎಂಟು’ ಎರಡರಲ್ಲೂ ಇರುವುದರಿಂದ ಒಂದರ ಬದಲಿಗೆ ಇನ್ನೊಂದನ್ನು ಬರೆದು ಇಡೀ ಹತ್ತು ವರ್ಷ ಹಿಂದೆ ಹೋದ ಲೇಖನಗಳು ಕಡಿಮೆಯೇನಲ್ಲ. ಎಂಟನೆಯ, ಒಂಬತ್ತನೆಯ ಎಂಬ ದಶಕಗಳನ್ನು ಬಿಟ್ಟು ‘1980ರ ದಶಕ’ ಎಂದೇ ಬರೆದರೆ ಓದುವವರಿಗೂ ಬೆರಳು ಮಡಿಸುವ ಕೆಲಸವಿರುವುದಿಲ್ಲ.